ಮೇಲ್ಮನವಿ ತಡವಾದಾಗ ಅಂಚೆ ಲಕೋಟೆಯೂ ದಾಖಲೆಯೇ

ನೌಕರಿ ವ್ಯಾಜ್ಯದಲ್ಲಿ ಮೇಲ್ಮನವಿಯ ಅವಧಿ ಮೀರಿದರೆ ದಾರಿಯೇ ಇಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. ಗದಗಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ 22 ವರ್ಷ ದುಡಿದ ನಮ್ಮ ಕಾಕಾ ಅವರ ಗ್ರ್ಯಾಚುಟಿ (ದೀರ್ಘ ಸೇವೆಗಾಗಿ ಮಾಲೀಕರು ಕೊಡಬೇಕಾದ ಇಡಿಗಂಟು) ಅರ್ಜಿ ಕೆಲವು ವರ್ಷಗಳ ಹಿಂದೆ ವಜಾ ಆದಾಗ, ಆದೇಶ ಮನೆಗೆ ಬಂದ ವಾರದಲ್ಲೇ ಅವರು ಲಕ್ವಾ ಹೊಡೆದು ಹುಬ್ಬಳ್ಳಿಯ ಆಸ್ಪತ್ರೆ ಸೇರಿದ್ದರು. ಆಗ ಅನ್ವಯವಾಗುತ್ತಿದ್ದ 1972ರ ಗ್ರ್ಯಾಚುಟಿ ಕಾಯ್ದೆಯ ಪ್ರಕಾರ ಆದೇಶ ಕೈಸೇರಿದ ದಿನದಿಂದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕಿತ್ತು. ಸಾಕಷ್ಟು ಕಾರಣವಿದೆಯೆಂದು ಮನವರಿಕೆಯಾದರೆ ಮೇಲ್ಮನವಿ ಪ್ರಾಧಿಕಾರವು ಇನ್ನೂ 60 ದಿನ ಕೊಡಬಹುದಿತ್ತು, ಅದರಾಚೆಗೆ ಕೊಡುವ ಅಧಿಕಾರ ಅದಕ್ಕಿರಲಿಲ್ಲ.

ನಾವು ಹೋದದ್ದು 97ನೇ ದಿನ. ಅನಾರೋಗ್ಯವಿತ್ತು ಎಂಬ ಒಂದೇ ಸಾಲು ಸಾಲದು ಎಂದು ವಕೀಲರು ಹೇಳಿದ್ದರಿಂದ, ತಡವಾದದ್ದನ್ನು ಮನ್ನಿಸಿ ಎಂದು ಕೋರುವ ವಿಳಂಬ ಮನ್ನಾ ಅರ್ಜಿಯ ಜೊತೆ ಡಿಸ್ಚಾರ್ಜ್ ಚೀಟಿ, ಔಷಧಿ ಅಂಗಡಿಯ ರಸೀದಿಗಳು ಮತ್ತು ಅಂಚೆ ಮುದ್ರೆಯಿದ್ದ ಲಕೋಟೆಯನ್ನು ಲಗತ್ತಿಸಿದೆವು. ಕಾಕು ಆ ಲಕೋಟೆಯನ್ನು ಟ್ರಂಕಿನಲ್ಲಿ ರೇಷನ್ ಕಾರ್ಡಿನೊಳಗೆ ಮಡಿಸಿ ಕಾದಿಟ್ಟಿರದಿದ್ದರೆ ಆದೇಶ ಯಾವತ್ತು ಕೈಸೇರಿತೆಂದು ತೋರಿಸಲು ನಮ್ಮಲ್ಲಿ ಏನೂ ಇರುತ್ತಿರಲಿಲ್ಲ. ವಿಳಂಬ ಮನ್ನಾ ಆಯಿತು.

ಕಾರ್ಮಿಕ ನ್ಯಾಯಾಲಯದ ತೀರ್ಪಿನ ವಿಷಯ ಬೇರೆ. ಅಲ್ಲಿ ನಮ್ಮ ಗದಗಿನವರು ಸಾಮಾನ್ಯವಾಗಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ರಿಟ್ ಅರ್ಜಿ (ಸಂವಿಧಾನದಡಿ ಹೈಕೋರ್ಟಿನ ಮಧ್ಯಪ್ರವೇಶ ಕೋರುವ ಅರ್ಜಿ) ಹಾಕಬೇಕಾಗುತ್ತದೆ. ಅದಕ್ಕೆ ಇಷ್ಟೇ ದಿನವೆಂಬ ಕಟ್ಟುಪಾಡು ಕಾಯ್ದೆಯಲ್ಲಿ ಇಲ್ಲದಿದ್ದರೂ ತಡವಾದದ್ದೇಕೆ ಎಂಬುದಕ್ಕೆ ಉತ್ತರ ಕೊಡಲೇಬೇಕು.