ಕ್ಷಿಪಣಿಯ ಘನ ಇಂಧನಕ್ಕೆ ಬೋರಾನ್ ಬೇಕಾ?

ಪರ: ಜಾಗ ಚಿಕ್ಕದು, ಶಾಖ ದೊಡ್ಡದಿರಲಿ

ಕ್ಷಿಪಣಿಯೊಳಗೆ ಜಾಗ ಕಡಿಮೆ. ನನ್ನ ವಾದವೆಲ್ಲ ನಿಂತಿರುವುದು ಇದೊಂದರ ಮೇಲೆ. ಮಾಮೂಲಿ ರಾಕೆಟ್ ಆಮ್ಲಜನಕವನ್ನೂ ಹೊತ್ತೊಯ್ಯಬೇಕು. ರ‍್ಯಾಮ್‌ಜೆಟ್ ಅನ್ನೋ ಎಂಜಿನ್ ಅದನ್ನು ದಾರಿಯ ಗಾಳಿಯಿಂದಲೇ ಪಡೆಯುತ್ತದೆ. ಅಲ್ಲಿಗೆ ಹೊಟ್ಟೆಯ ಬಹುಪಾಲು ಜಾಗ ಇಂಧನಕ್ಕೇ ಸಿಗುತ್ತದೆ. ಹಾಗಿದ್ದಮೇಲೆ ಒಂದು ಲೀಟರ್ ಜಾಗದಲ್ಲಿ ಎಷ್ಟು ಶಾಖ ಹಿಡಿಸುತ್ತದೆ ಅನ್ನೋದೇ ಮುಖ್ಯ, ಅಲ್ವಾ?

ಸೀಮೆಎಣ್ಣೆ ಲೀಟರಿಗೆ ಸುಮಾರು 35 ಮೆಗಾಜೂಲ್ ಕೊಡುತ್ತದೆ. ಅಲ್ಯೂಮಿನಿಯಂ 84. ಬೋರಾನ್ ಅನ್ನೋ ಮೂಲವಸ್ತು ಸುಮಾರು 137! ರಬ್ಬರಿನಂಥ ಅಂಟಿಗೆ ಪುಡಿ ಕಲಸಿ ಎರಕ ಹೊಯ್ಯುವುದರಿಂದ ಪೂರ್ತಿ ಅಷ್ಟು ಸಿಗುವುದಿಲ್ಲ, ನಿಜ. ಆದರೂ ಅಲ್ಯೂಮಿನಿಯಂಗಿಂತ ಎಷ್ಟೋ ಜಾಸ್ತಿ.

ಯುರೋಪಿನ ಮಿಟಿಯೋರ್ ಕ್ಷಿಪಣಿಯದು ಬೋರಾನ್ ಬೆರೆಸಿದ ಇಂಧನವೇ. 2016ರಿಂದ ಸ್ವೀಡನ್ನಿನ ಗ್ರಿಪೆನ್ ವಿಮಾನಗಳಲ್ಲಿದೆ. ನಮ್ಮ ಡಿಆರ್‌ಡಿಒ ಕೂಡ 2022ರ ಏಪ್ರಿಲ್ 8ರಂದು ಚಾಂದೀಪುರದಲ್ಲಿ ಘನ ಇಂಧನದ ರ‍್ಯಾಮ್‌ಜೆಟ್ ಹಾರಿಸಿತು. ಇಂಥ ಎಂಜಿನ್ ಕೈಗೆ ಬಂದಮೇಲೆ ಅದಕ್ಕೆ ಸಪ್ಪೆ ಇಂಧನ ಯಾಕೆ?

ಬೋರಾನ್ ಬೇಗ ಹೊತ್ತೋದಿಲ್ಲ ಅಂತಾರೆ. ಮಳೆಗಾಲದಲ್ಲಿ ನಮ್ಮ ಬಚ್ಚಲೊಲೆಯ ಸೌದೆಯೂ ಹೊತ್ತುತ್ತಿರಲಿಲ್ಲ. ಅಜ್ಜಿ ಒಣಗಿದ ತೆಂಗಿನಗರಿ ಇಟ್ಟು ಹೊತ್ತಿಸುತ್ತಿದ್ದರು. ಇಲ್ಲಿ ಆ ಗರಿಯ ಕೆಲಸವನ್ನು ಮೆಗ್ನೀಸಿಯಂ ಮಾಡುತ್ತದೆ.

ವಿರೋಧ: ಗಾಜಿನ ಮುಸುಕು

ಸಂಪಾದಕರು ಕೇಳಿದ್ದಕ್ಕೆ ಈ ಕಡೆ ನಿಂತಿದ್ದೇನೆ. ಬೋರಾನ್ ಬೇಡವೇ ಬೇಡ ಅನ್ನುವವನಲ್ಲ. ಆದರೆ ಪುಡಿ ತುಂಬಿಬಿಟ್ಟರೆ ಸಾಕು, ದೂರ ತಾನಾಗೇ ಹೆಚ್ಚುತ್ತದೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ನಮ್ಮಪ್ಪ ಚಿನ್ನದ ಕೆಲಸ ಮಾಡುತ್ತಿದ್ದರು. ಬೆಸುಗೆಗೆ ಮುಂಚೆ ಬಿಳಿಗಾರ ಸವರುತ್ತಿದ್ದರು. ಊದುಕೊಳವೆಯ ಉರಿ ತಾಗಿದ ಕೂಡಲೇ ಅದು ಮಂಡಕ್ಕಿಯ ಹಾಗೆ ಉಬ್ಬುತ್ತಿತ್ತು. ಆಮೇಲೆ ಕರಗಿ, ಮಿರಮಿರ ಮಿಂಚುತ್ತಾ ಹರಡುತ್ತಿತ್ತು. ‘ಇನ್ನು ಗಾಳಿ ತಾಗಲ್ಲ, ಕಪ್ಪಾಗಲ್ಲ’ ಅನ್ನುತ್ತಿದ್ದರು ಅಪ್ಪ.

ಬಿಳಿಗಾರ ಬೋರಾನಿನದೇ ಉಪ್ಪು. ಉರಿಯುವಾಗ ಬೋರಾನ್ ಕಣದ ಮೇಲೂ ಹೀಗೇ ಆಕ್ಸೈಡಿನ ಪದರ ಕೂರುತ್ತದೆ. ಅದು ಸುಮಾರು 450 ಡಿಗ್ರಿಗೆ ಕರಗುತ್ತದೆ, ಕುದಿಯಲು ಮಾತ್ರ 1,860 ಡಿಗ್ರಿ ಬೇಕು. ಆ ಪದರ ಹೋಗುವವರೆಗೆ ಒಳಗಿನ ಬೋರಾನಿಗೆ ಗಾಳಿ ಸರಿಯಾಗಿ ಸಿಗುವುದಿಲ್ಲ. ದಹನಕೋಣೆಯಲ್ಲಿ ಕಣ ಇರುವುದೋ ಕೆಲವೇ ಮಿಲಿಸೆಕೆಂಡು. ಅಷ್ಟರಲ್ಲಿ ಉರಿದು ಮುಗಿಯದಿದ್ದರೆ ಅಷ್ಟೂ ಕಷ್ಟಪಟ್ಟು ತುಂಬಿದ ಪುಡಿ ಅರೆಬೆಂದು, ಹಿಂದಿನ ನಳಿಕೆಯಿಂದ ಸುಮ್ನೆ ಹೊರಗೆ ಹೋಗುತ್ತದೆ.