ಅಲ್ಲಿ ಸರದಿಯಿಲ್ಲ, ಜೋಡಿ ಕುರ್ಚಿ

ನಿಮ್ಮ ಲೇಖನದಲ್ಲಿ ಉತ್ತರ ಐರ್ಲೆಂಡ್‌ನ ಜಂಟಿ ಆಡಳಿತವನ್ನು, ಜೆಡಿಎಸ್–ಬಿಜೆಪಿ ತಲಾ ಇಪ್ಪತ್ತು ತಿಂಗಳು ಮುಖ್ಯಮಂತ್ರಿ ಸ್ಥಾನ ಹಂಚಿಕೊಳ್ಳುವ ನಮ್ಮ 2006ರ ‘ಇಪ್ಪತ್ತು ತಿಂಗಳ’ ಒಪ್ಪಂದಕ್ಕೆ ಹೋಲಿಸಿದ್ದೀರಿ. ಯಾಕೋ ಒಪ್ಪಲಾಗಲಿಲ್ಲ ಸಾರ್. ವಿಧಾನಸೌಧದಲ್ಲಿ ನಡೆದದ್ದು ಸರದಿಯ ಮಾತು; ಕುರ್ಚಿ ಬಿಡುವ ಹೊತ್ತಿಗೆ ಅದೂ ಮುರಿದುಬಿತ್ತು. ಅಲ್ಲಿ ಸರದಿಯೇ ಇಲ್ಲ. ಬ್ರಿಟನ್ ಜೊತೆ ಉಳಿಯಬೇಕೆನ್ನುವ ಬಣ, ಐರ್ಲೆಂಡ್ ಸೇರಬೇಕೆನ್ನುವ ಬಣ, ಇವೆರಡರ ಕಾದಾಟ ನಿಲ್ಲಿಸಲು ಆದ 1998ರ ಶಾಂತಿ ಒಪ್ಪಂದದಂತೆ ಫಸ್ಟ್ ಮಿನಿಸ್ಟರ್, ಡೆಪ್ಯುಟಿ ಫಸ್ಟ್ ಮಿನಿಸ್ಟರ್ ಇಬ್ಬರಿಗೂ ಸಮಾನ ಅಧಿಕಾರ. ನಮ್ಮ ಉಪಮುಖ್ಯಮಂತ್ರಿ ಹುದ್ದೆ ಸಂವಿಧಾನದಲ್ಲೇ ಇಲ್ಲ, ಅಲ್ವಾ? ಅಲ್ಲಿ ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಹುದ್ದೆಯೂ ಹೋಗುತ್ತದೆ. 2017ರ ಜನವರಿಯಲ್ಲಿ ಡೆಪ್ಯುಟಿ ಫಸ್ಟ್ ಮಿನಿಸ್ಟರ್ ಮಾರ್ಟಿನ್ ಮೆಕ್‌ಗಿನ್ನೆಸ್ ಹಾಗೆ ಹೊರನಡೆದರು. ಮೂರು ವರ್ಷ ಮಂತ್ರಿಗಳೇ ಇರಲಿಲ್ಲ, ಫೈಲುಗಳೆಲ್ಲ ಅಧಿಕಾರಿಗಳ ಮೇಜಿನಲ್ಲಿ. ಬಾಂಬು, ಗುಂಡು ನಿಲ್ಲಿಸಲು ಕೊಟ್ಟ ಬೆಲೆ ಅನ್ನೋಣ. ಆದರೆ ಮುಖ್ಯ ತೀರ್ಮಾನಗಳಿಗೆ ಎರಡೂ ಬಣಗಳ ಬೆಂಬಲ ಬೇಕು; ಹಾಗಾಗಿ ಯಾವ ಬಣಕ್ಕೂ ಸೇರದ ಅಲಯನ್ಸ್ ಪಕ್ಷದ ಶಾಸಕರ ಮತಕ್ಕೆ ಅಲ್ಲಿ ತೂಕ ಕಮ್ಮಿ. ನನ್ನ ತಕರಾರು ಜಾಸ್ತಿ ಅದಕ್ಕೇ. ಲೇಖನದಲ್ಲಿ ಆ ಸುದ್ದಿಯೇ ಇಲ್ಲ.