ಫ್ಯಾನಿನ ಕೆಳಗಿನ ಕುರ್ಚಿ

ಸೋಮವಾರ ನಮ್ಮ ಬಡಾವಣೆಯ ಲೈಬ್ರರಿಗೆ ರಜೆ. ತಿಂಗಳ ಎರಡನೇ ಮಂಗಳವಾರವೂ ರಜೆ. ಬಾಗಿಲ ಪಕ್ಕದ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೇ ಇದೆ. ಆದರೂ ಸೋಮವಾರ ಬೆಳಗ್ಗೆ ಗೇಟಿನ ಹತ್ತಿರ ಇಬ್ಬರೋ ಮೂವರೋ ನಿಂತಿರುತ್ತಾರೆ. ಒಬ್ಬರು ಬೀಗ ಅಲ್ಲಾಡಿಸಿ ನೋಡುತ್ತಾರೆ. ಇನ್ನೊಬ್ಬರು ‘ಇವತ್ತೂ ತೆಗೆದಿಲ್ವಾ?’ ಅಂತ ಗೊಣಗುತ್ತಾರೆ. ತಮ್ಮದೇ ಮನೆಗೆ ಯಾರೋ ಬೀಗ ಜಡಿದು ಹೋದರೆ ಬರುತ್ತಲ್ಲ, ಆ ಸಿಟ್ಟು.

ಬೆಂಗಳೂರಿನ ಲೈಬ್ರರಿ ಅಂದ ಕೂಡಲೇ ನಿಮಗೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ನೆನಪಾದರೆ ದಯವಿಟ್ಟು ಮರೆತುಬಿಡಿ. 1915ರ ಆ ಕೆಂಪು ಕಟ್ಟಡದ ಗತ್ತೇ ಬೇರೆ. ನಮ್ಮದು ನೀರಿನ ಟ್ಯಾಂಕಿನ ಪಕ್ಕದಲ್ಲಿ ಒಂದು ಹಾಲ್, ಅದಕ್ಕೆ ಅಂಟಿಕೊಂಡ ಒಂದು ಕೋಣೆ, ಅಷ್ಟೇ. ಹಾಲ್‌ನಲ್ಲಿ ಪೇಪರು, ಕೋಣೆಯಲ್ಲಿ ಪುಸ್ತಕ. ಫ್ಯಾನು ಮೂರಿವೆ, ಸರಿಯಾಗಿ ತಿರುಗೋದು ಒಂದು. ಬೇಸಿಗೆಯಲ್ಲಿ ಅದರ ಕೆಳಗಿನ ಕುರ್ಚಿಗೆ ಇರುವ ಬೆಲೆ ಎಂಎಲ್‌ಎ ಟಿಕೆಟ್ಟಿಗೂ ಇರಲಿಕ್ಕಿಲ್ಲ.

ಆ ಕುರ್ಚಿಯಲ್ಲಿ ದಿನಾ ಕೂರುವವರು ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ. ಹೆಸರು ನನಗೆ ಗೊತ್ತಿಲ್ಲ. ಇಲ್ಲಿ ಯಾರ ಹೆಸರೂ ಯಾರಿಗೂ ಗೊತ್ತಿಲ್ಲ. ಓದುವ ಪುಟವೇ ಗುರುತು. ಅವರು ಸಂಪಾದಕೀಯದವರು. ಅವರ ಎದುರಿಗೆ ಕೂರುವವರು ನಿಧನವಾರ್ತೆಯವರು. ಕಿಟಕಿ ಪಕ್ಕ ಶೇರು ಪೇಟೆ. ಮೂಲೆಯಲ್ಲಿ ಪದಬಂಧ. ಪ್ರಜಾವಾಣಿ, ವಿಜಯ ಕರ್ನಾಟಕ, ಕನ್ನಡಪ್ರಭ, ಸಂಯುಕ್ತ ಕರ್ನಾಟಕ ಎಲ್ಲವೂ ಬೆಳಗ್ಗೆ ಇಡಿಯಾಗಿ ಬಂದು, ಅರ್ಧ ಗಂಟೆಯಲ್ಲಿ ಹಾಳೆ ಹಾಳೆಯಾಗಿ ಹಂಚಿಹೋಗುತ್ತವೆ. ಆಮೇಲೆ ಒಂದು ಸುದ್ದಿಯ ಆರಂಭ ಒಬ್ಬರ ಕೈಯಲ್ಲಿ, ‘7ನೇ ಪುಟಕ್ಕೆ’ ಹೋದ ಬಾಲ ಇನ್ನೊಬ್ಬರ ಕೈಯಲ್ಲಿ. ಸಚಿವರು ರಾಜೀನಾಮೆ ಕೊಟ್ಟರು ಅಂತ ಗೊತ್ತಾಗುತ್ತೆ. ಯಾಕೆ ಅಂತ ತಿಳಿಯೋಕೆ ಕಿಟಕಿ ಪಕ್ಕದವರು ಮುಗಿಸಬೇಕು.

‘ಆಯ್ತಾ ಸಾರ್?’

‘ಆಗ್ತಾ ಇದೆ.’

ನಮ್ಮ ಲೈಬ್ರರಿಯಲ್ಲಿ ನಡೆಯುವ ಮಾತುಕತೆಯಲ್ಲಿ ಮುಕ್ಕಾಲು ಪಾಲು ಇಷ್ಟೇ. ‘ಆಗ್ತಾ ಇದೆ’ ಅಂದವರು ಆಮೇಲೆ ಇನ್ನೂ ನಿಧಾನ ಮಾಡುತ್ತಾರೆ. ಸಣ್ಣಕ್ಷರದ ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುತ್ತಾರೆ. ಯಾವುದೋ ಜಿಲ್ಲೆಯ ಕಾಲುವೆ ರಿಪೇರಿಗೆ ಇಷ್ಟು ಜನ ಆಸಕ್ತರಿದ್ದಾರೆ ಅಂತ ಗುತ್ತಿಗೆದಾರರಿಗೆ ಗೊತ್ತಿರಲಿಕ್ಕಿಲ್ಲ.

ಪದಬಂಧದವರ ವಿಷಯ ಹೇಳಲೇಬೇಕು. ಅವರು ಪೆನ್ನಿನಲ್ಲಿ ತುಂಬುತ್ತಾರೆ. ಪೆನ್ಸಿಲ್ ಆಗಿದ್ದರೆ ಅಳಿಸಬಹುದಿತ್ತು. ತಪ್ಪು ತುಂಬಿದರೆ ಅದರ ಮೇಲೇ ಗೀಚಿ ಬರೆಯುತ್ತಾರೆ. ಉಳಿದವರಿಗೆ ಏನೂ ಕಾಣಿಸುವುದಿಲ್ಲ. ಒಂದು ದಿನ ಬ್ಯಾಂಕಿನವರು ತಡೆಯಲಾರದೆ ಕೇಳಿದರು, ‘ಇದೇನು ನಿಮ್ಮ ಸ್ವಂತ ಪೇಪರಾ? ನಾನು ಲೈಬ್ರರಿ ಸೆಸ್ ಕಟ್ತೀನ್ರೀ!’ ಪದಬಂಧದವರು ತಲೆ ಎತ್ತದೆ ಹೇಳಿದರು, ‘ನಾನೂ ಕಟ್ತೀನಿ. ಎರಡು ಸೈಟಿದೆ.’

ನಾನು ಬಾಡಿಗೆ ಮನೆಯವನು. ಸುಮ್ಮನೆ ಕೂತೆ.

ಅವರು ಹೇಳಿದ್ದು ಸುಳ್ಳಲ್ಲ. ಕರ್ನಾಟಕದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಲೈಬ್ರರಿ ಖರ್ಚಿಗೆ ತೆರಿಗೆಯ ಮೇಲೆ ಕರ ಹಾಕುವ ದಾರಿ ಮಾಡಿಕೊಟ್ಟಿದ್ದು ಆ ಕಾಯ್ದೆಯೇ. ಈಗ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ. 5,000 ರೂಪಾಯಿ ತೆರಿಗೆ ಇದ್ದರೆ ಅದರ ಮೇಲೆ 300 ರೂಪಾಯಿ ಲೈಬ್ರರಿ ಹೆಸರಿಗೆ. ಬೆಂಗಳೂರಿನ ತೆರಿಗೆ ಲೆಕ್ಕದಲ್ಲಿ ಇದರ ಜೊತೆಗಾರರು ಯಾರು ಅಂತ ನೋಡಿದರೆ ನಗು ಬರುತ್ತೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಓದುವವರನ್ನು ರೋಗಿಗಳಿಗೂ ಭಿಕ್ಷುಕರಿಗೂ ನಡುವೆ ಕೂರಿಸಿದ್ದಾರೆ. ಲೆಕ್ಕ ಹಾಕಿದವರು ತಮಾಷೆಯ ಮನುಷ್ಯರೇ ಇರಬೇಕು.

ಕರ ಕಟ್ಟುವವರು ಲಕ್ಷಾಂತರ ಜನ, ಒಳಗೆ ಬಂದು ಕೂರುವವರು ಬೆರಳೆಣಿಕೆಯಷ್ಟು. ಹಾಗಾಗಿ ಬಂದವರಿಗೆ ಮಾಲೀಕತ್ವ ಸ್ವಲ್ಪ ಜಾಸ್ತಿಯೇ ಸಿಗುತ್ತೆ. ಕರ ಕಟ್ಟದವರಿಗೂ ಅಷ್ಟೇ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರನ್ನೇ ನೋಡಿ. ಬಾಗಿಲು ತೆಗೆಯುವ ಮೊದಲೇ ಬಂದು ಕಾಯುತ್ತಾರೆ. ಒಳಗೆ ಬಂದವರೇ ಒಂದು ಕುರ್ಚಿಗೆ ಬ್ಯಾಗು, ಗೆಳತಿಗಾಗಿ ಪಕ್ಕದ ಕುರ್ಚಿಗೆ ನೀರಿನ ಬಾಟಲಿ. ಲೈಬ್ರರಿಯ ಪುಸ್ತಕವನ್ನು ಮುಟ್ಟುವುದಿಲ್ಲ, ಮನೆಯಿಂದ ತಂದಿರುತ್ತಾರೆ. ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಅಂತ ಒಬ್ಬೊಬ್ಬರದು ಒಂದೊಂದು ಗುರಿ. ಅವರಿಗೆ ಬೇಕಾದ್ದು ಕುರ್ಚಿ, ಬೆಳಕು ಮತ್ತು ‘ಊಟಕ್ಕೆ ಬಾ’ ಅಂತ ಯಾರೂ ಕರೆಯದ ಜಾಗ.

ಮೊದಲು ಬ್ಯಾಂಕಿನವರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಆಮೇಲೆ ಅದೇನೋ ಒಪ್ಪಂದವಾಯಿತು. ದಿನಾ ನಾಲ್ಕೂ ಪೇಪರ್ ಓದುವವರಿಗಿಂತ ಒಳ್ಳೆಯ ಪ್ರಚಲಿತ ವಿದ್ಯಮಾನ ಎಲ್ಲಿ ಸಿಗುತ್ತೆ? ಈಗ ಹುಡುಗರು ನಡುನಡುವೆ ಬಂದು ಪಿಸುಗುಡುತ್ತಾರೆ, ‘ಸಾರ್, ರೆಪೊ ದರ ಈಗ ಎಷ್ಟು?’ ಇವರು ಉತ್ತರ ಹೇಳುತ್ತಾರೆ. ಅಷ್ಟಕ್ಕೇ ಬಿಡದೆ ರೆಪೊ ದರ ಅಂದರೇನು, ತಮ್ಮ ಕಾಲದಲ್ಲಿ ಬಡ್ಡಿ ಹೇಗಿತ್ತು, ಸಾಲ ತೀರಿಸದವರು ಎಂಥೆಂಥ ಕಥೆ ಹೇಳುತ್ತಿದ್ದರು ಎಲ್ಲವನ್ನೂ ಹೇಳುತ್ತಾರೆ. ‘ನಿಶ್ಶಬ್ದ’ ಅನ್ನುವ ಬೋರ್ಡು ಅವರ ತಲೆಯ ಮೇಲೆಯೇ ಇದೆ. ಹುಡುಗ ಪೆನ್ನು ಹಿಡಿದು, ಎದ್ದು ಹೋಗಲಾಗದೆ, ಹೂಂಗುಟ್ಟುತ್ತಾ ನಿಂತಿರುತ್ತಾನೆ.

ಪುಸ್ತಕದ ಕೋಣೆಗೆ ಹೋಗುವವರು ಕಡಿಮೆ. ನನಗೆ ಅದೇ ಇಷ್ಟ. ಅಲ್ಲಿನ ಪುಸ್ತಕಗಳ ಹಿಂದೆ ದಿನಾಂಕದ ಚೀಟಿ ಅಂಟಿಸಿರುತ್ತಾರೆ. ಒಂದು ಹಳೇ ಸಾಮಾಜಿಕ ಕಾದಂಬರಿಯ ಚೀಟಿಯಲ್ಲಿ ನೇರಳೆ ಮುದ್ರೆಗಳು ಒತ್ತೊತ್ತಾಗಿ, ಒಂದರ ಮೇಲೊಂದು ಬಿದ್ದಿವೆ. 1990ರ ದಶಕ ಕಳೆಯುತ್ತಾ ಬಂದ ಹಾಗೆ ಮುದ್ರೆಗಳ ನಡುವೆ ತಿಂಗಳುಗಳು ಜಾರುತ್ತವೆ, ಆಮೇಲೆ ವರ್ಷಗಳು. ಮನೆ ಮನೆಗೆ ಕೇಬಲ್ ಟಿವಿ ಬಂದದ್ದು ಯಾವಾಗ ಅಂತ ತಿಳಿಯಲು ಬೇರೆ ದಾಖಲೆ ಬೇಕಿಲ್ಲ.

ಅದೇ ಕಾದಂಬರಿಯಲ್ಲಿ ನಾಯಕಿ ಗಂಡನ ಮನೆ ಬಿಟ್ಟು ಹೊರಡುವ ಪುಟವಿದೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಯಾರೋ ಬರೆದಿದ್ದಾರೆ: ‘ಇವಳು ಹೀಗೆ ಮಾಡಬಾರದಿತ್ತು.’ ಅದರ ಕೆಳಗೆ ನೀಲಿ ಶಾಯಿಯಲ್ಲಿ, ಬೇರೆ ಕೈ: ‘ಆ ಅತ್ತೆ ಜೊತೆ ನೀವಿದ್ದು ತೋರಿಸಿ.’ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಮೂರನೆಯವರು: ‘ಜಗಳ ಬೇಡ. ಮುಂದೆ ಓದಿ.’ ಪುಸ್ತಕದಲ್ಲಿ ಗೀಚಬಾರದು, ಒಪ್ಪುತ್ತೇನೆ. ಆದರೆ ಅಂಗಡಿಯಿಂದ ತಂದ ಹೊಸ ಪುಸ್ತಕದಲ್ಲಿ ಇಂಥದ್ದು ಎಲ್ಲಿ ಸಿಗುತ್ತೆ ಹೇಳಿ? ಕೊನೆಯ ಪುಟ ಹರಿದುಕೊಂಡು ಹೋಗುವವರನ್ನು ಮಾತ್ರ ನಾನು ಕ್ಷಮಿಸಲಾರೆ. ಅದರಲ್ಲೂ ಪತ್ತೇದಾರಿ ಕಾದಂಬರಿಯದ್ದು.

ಗ್ರಂಥಾಲಯ ವಿಜ್ಞಾನದ ದೊಡ್ಡ ಹೆಸರು ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1931ರಲ್ಲಿ ಅವರು ಐದು ಸೂತ್ರ ಹೇಳಿದರು. ಅದರಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಬೇಕು ಅಂತ. ನಿಧನವಾರ್ತೆಯವರಿಗೆ ಇದನ್ನು ಹೇಳಿದೆ. ಅವರು ಗಾಬರಿಯಾದರು. ‘ಉಳಿಸಿ ಏನ್ ಮಾಡ್ಲಿ? ಕಳೆಯೋಕೇ ಬಂದಿರೋದು ಇಲ್ಲಿಗೆ!’

ಬಾಗಿಲಲ್ಲಿ ಒಂದು ರಿಜಿಸ್ಟರ್ ಇದೆ. ಹೆಸರು, ವಿಳಾಸ, ಸಮಯ, ಸಹಿ. ಪೆನ್ನನ್ನು ದಾರದಿಂದ ಕಟ್ಟಿದ್ದಾರೆ, ದಾರ ಗಿಡ್ಡ. ಎಲ್ಲರೂ ಬಗ್ಗಿಯೇ ಬರೆಯಬೇಕು. ಬಗ್ಗಿ ನಿಂತು ಇಡೀ ವಿಳಾಸ ಬರೆಯುವ ತಾಳ್ಮೆ ಯಾರಿಗಿದೆ? ಮೊದಲು ಬಂದವರು ಬರೆದ ವಿಳಾಸದ ಕೆಳಗೆ ಉಳಿದವರೆಲ್ಲ ಎರಡೆರಡು ಗೀಟು ಎಳೆದು ಒಳಗೆ ನಡೆಯುತ್ತಾರೆ. ರಿಜಿಸ್ಟರ್ ನಂಬಿದರೆ ನಮ್ಮ ಬಡಾವಣೆಯ ಓದುಗರೆಲ್ಲ ಒಂದೇ ಮನೆಯಲ್ಲಿದ್ದಾರೆ.

ಇತ್ತೀಚೆಗೆ ನಮ್ಮ ಮನೆ ಓನರ್ ಬಾಡಿಗೆ ಏರಿಸಲು ಬಂದರು. ‘ಟ್ಯಾಕ್ಸು ಎಷ್ಟಾಗಿದೆ ಗೊತ್ತೇನ್ರೀ’ ಅಂತ ರಸೀದಿಯನ್ನೂ ತಂದಿದ್ದರು. ನಾನು ಗ್ರಂಥಾಲಯ ಕರದ ಲೆಕ್ಕ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ರಸೀದಿಯನ್ನು ಇನ್ನೊಮ್ಮೆ ನೋಡಿದರು.

‘ಇಷ್ಟು ವರ್ಷ ಕಟ್ಟಿದೀನಾ ನಾನು? ಎಲ್ಲಿದೆ ಲೈಬ್ರರಿ?’

‘ಹಿಂದಿನ ರೋಡು ಸಾರ್, ಟ್ಯಾಂಕ್ ಪಕ್ಕ.’

‘ಅದು ಪಂಪ್‌ಹೌಸ್ ಅಲ್ವಾ?’

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಅವರು ಬಂದಿದ್ದರಂತೆ. ನಾನು ಹೋಗುವಷ್ಟರಲ್ಲಿ ಮುಖಪುಟ ಅವರ ಕೈಯಲ್ಲಿತ್ತು, ಅವರು ಫ್ಯಾನಿನ ಕೆಳಗಿದ್ದರು. ಬ್ಯಾಂಕಿನವರು ಗೋಡೆ ಪಕ್ಕದ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಅಂದಿನಿಂದ ದಿನಾ ಹೀಗೇ. ಓನರ್ ಶಿಸ್ತಿನ ಮನುಷ್ಯ, ರಿಜಿಸ್ಟರಿನಲ್ಲಿ ಮನೆ ನಂಬರು, ಕ್ರಾಸು, ಪಿನ್ ಕೋಡ್ ಸಮೇತ ಪೂರ್ತಿ ವಿಳಾಸ ಬರೆಯುತ್ತಾರೆ. ಅದರ ಕೆಳಗೆ ಪುಟದ ತುದಿಯವರೆಗೂ ಗೀಟುಗಳು. ಈಗ ಇಡೀ ಬಡಾವಣೆ ನಮ್ಮ ಮನೆಯಲ್ಲೇ ಇದೆ. ಬಾಡಿಗೆ ಕೊಡುತ್ತಿರುವುದು ಮಾತ್ರ ನಾನೊಬ್ಬನೇ.